ಮೂರನೆಯವನು

ಅಮೆರಿಕದ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಕೂತರೆ ಶುರುವಿನಲ್ಲೇ ಒಂದು ತಾಪತ್ರಯ. ಇದು ಕಾಲಲ್ಲಿ ಒದೆಯೋ ಆಟ ಅಲ್ಲ. ಚೆಂಡನ್ನ ಕೈಯಲ್ಲಿ ಹಿಡಿದು ಓಡೋದು, ಎಸೆಯೋದು, ಹಿಡಿದವನನ್ನ ಕೆಡವೋದು. ಊರಲ್ಲಿ ಕಬಡ್ಡಿ ಆಡಿದವರಿಗೆ ಅರ್ಧ ಆಟ ಯಾರೂ ಹೇಳಿಕೊಡದೇ ಅರ್ಥ ಆಗುತ್ತೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತೆ, ಇಲ್ಲಾಂದ್ರೆ ಚೆಂಡು ಎದುರಿನವರಿಗೆ. ಇಷ್ಟು ಗೊತ್ತಿದ್ದರೆ ಈ ಬರಹಕ್ಕೆ ಸಾಕು. ಜೊತೆಗೆ ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು ಅಂತ ಗೊತ್ತಿರಬೇಕು. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರೋದು ಅವನ ಕೈಗೆ. ಪಕ್ಕದವನಿಗೆ ಕೊಡಬೇಕೋ, ದೂರಕ್ಕೆ ಎಸೀಬೇಕೋ, ತಾನೇ ನುಗ್ಗಬೇಕೋ ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡೋನು ಅವನು. ತಂಡದ ಮಿದುಳು ಅವನೇ ಅಂತ ಎಲ್ಲರೂ ನಂಬಿರ್ತಾರೆ. ಅವನು ಬಿದ್ದರೆ ಆ ವರ್ಷದ ಕತೆ ಮುಗಿಯಿತು ಅಂತಲೂ ನಂಬಿರ್ತಾರೆ.

2014ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಮೊದಲನೆಯವನು ಬಿದ್ದ, ಎರಡನೆಯವನೂ ಬಿದ್ದ. ಮೂರನೆಯವನನ್ನ ಇಟ್ಟುಕೊಂಡು ಅವರು ರಾಷ್ಟ್ರೀಯ ಚಾಂಪಿಯನ್ ಆದರು. ಈ ಕತೆಯನ್ನ ನಾನು ಆಫೀಸುಗಳಲ್ಲಿ ಕನಿಷ್ಠ ಹತ್ತು ಸಲ ಕೇಳಿದ್ದೀನಿ. ಹತ್ತೂ ಸಲ ಹೇಳಿದ್ದು ಅರ್ಧ ಕತೆ.

ಆ ವರ್ಷದ ಆಗಸ್ಟಿನಲ್ಲಿ ಕಂಪನಿ ನನ್ನನ್ನ ಓಹಾಯೋದ ಕೊಲಂಬಸ್ ನಗರಕ್ಕೆ ಕಳಿಸಿತ್ತು. ಇಪ್ಪತ್ತಾರು ವಯಸ್ಸು, ಮೊದಲ ಆನ್‌ಸೈಟು. ತುರುವೇಕೆರೆ ಕಡೆಯ ಹಳ್ಳಿಯಿಂದ ಹೊರಟವನಿಗೆ ಅಮೆರಿಕ ಅಂದ್ರೆ ನ್ಯೂಯಾರ್ಕಿನ ಫೋಟೋ. ಕೊಲಂಬಸ್ಸಿನಿಂದ ಅರ್ಧ ಗಂಟೆ ಕಾರು ಓಡಿಸಿದರೆ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಸೋಯಾ. ಫೋನಿನಲ್ಲಿ ಅಪ್ಪನಿಗೆ ಇದನ್ನ ಹೇಳಿದೆ. "ಜೋಳ ನೋಡಕ್ಕೆ ಅಷ್ಟು ದೂರ ಹೋದ್ಯಾ?" ಅಂದರು.

ಊರಿನ ಮಧ್ಯದಲ್ಲಿ ಆ ಸ್ಟೇಡಿಯಂ. ಕುದುರೆ ಲಾಳದ ಆಕಾರ, 1922ರಲ್ಲಿ ಕಟ್ಟಿದ್ದು, ಒಂದು ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ. ಮತ್ತೆ ಹೇಳ್ತೀನಿ, ಇದು ಕಾಲೇಜು ಟೀಮು. ನನ್ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಟರ್ ಕಾಲೇಜು ಕಬಡ್ಡಿಗೆ ಹೋದವರಿಗೆ ಒಂದು ಟ್ರ್ಯಾಕ್ ಸೂಟು, ಎರಡು ಬಾಳೆಹಣ್ಣು, ಪುಣ್ಯ ಇದ್ದರೆ ಅಟೆಂಡೆನ್ಸು. ನೋಡೋಕೆ ಬರ್ತಿದ್ದದ್ದು ಪಿಇ ಮಾಸ್ತರು ಮತ್ತು ಕ್ಲಾಸಿಗೆ ಚಕ್ಕರ್ ಹಾಕಿದವರು. ಇಲ್ಲಿ ಶನಿವಾರ ಬಂದರೆ ಇಡೀ ಊರು ಕೆಂಪು ಮತ್ತು ಬೂದು ಬಣ್ಣ. ಬ್ಯಾಂಡಿನವರು ಮೈದಾನದಲ್ಲಿ ನಡೆಯುತ್ತಲೇ 'ಓಹಾಯೋ' ಅಂತ ಇಂಗ್ಲಿಷಿನಲ್ಲಿ ಬರೀತಾರೆ. ಕೊನೆಗೆ ದೊಡ್ಡ ಹಿತ್ತಾಳೆ ವಾದ್ಯ ಹೊತ್ತ ಒಬ್ಬ ಹೋಗಿ 'ಐ' ಅಕ್ಷರದ ಚುಕ್ಕೆ ಆಗಿ ನಿಂತ್ಕೋತಾನೆ. ಒಂದು ಲಕ್ಷ ಜನ ಆ ಚುಕ್ಕೆಗೆ ಕಿರುಚ್ತಾರೆ.

ನಮ್ಮ ಪ್ರಾಜೆಕ್ಟಿನಲ್ಲಿ ಇನ್ನೊಬ್ಬರು ಕನ್ನಡದವರಿದ್ದರು. ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು 'ಸರ್' ಅಂತ ಶುರು ಮಾಡಿದರೆ ಎರಡನೇ ದಿನಕ್ಕೇ "ಏ, ಅಣ್ಣಾ ಅನ್ನೋ ತಮ್ಮಾ, ಸರ್ ಗಿರ್ ಬ್ಯಾಡ" ಅಂದರು. ನಾಲ್ಕು ವರ್ಷದಿಂದ ಅಲ್ಲೇ ಇದ್ದರು, ಮಗಳು ಡಬ್ಲಿನ್ ಅನ್ನೋ ಬಡಾವಣೆಯ ಶಾಲೆಯಲ್ಲಿ ಒಂದನೇ ಕ್ಲಾಸು. ಕ್ಲೈಂಟಿನ ಹಳೇ ಬಿಲ್ಲಿಂಗ್ ಸಿಸ್ಟಂ ಅವರಿಗೆ ಅಂಗೈ ರೇಖೆ. ನನಗೆ ಈ ಆಟದ ಹುಚ್ಚು ಹತ್ತಿಸಿದ್ದೂ ಅವರೇ. ಶನಿವಾರ ಅವರ ಮನೆ ಸೋಫಾ, ವೈನಿ ಮಾಡಿದ ಮಂಡಕ್ಕಿ ಒಗ್ಗರಣೆ, ಟೀವಿ.

ಸೀಸನ್ ಶುರುವಾಗೋ ಮೊದಲೇ ಮೊದಲ ಪೆಟ್ಟು ಬಿದ್ದಿತ್ತು. ಬ್ರಾಕ್ಸ್‌ಟನ್ ಮಿಲ್ಲರ್ ಎರಡು ವರ್ಷ ಸತತವಾಗಿ ಬಿಗ್ ಟೆನ್ ಲೀಗಿನ ಅತ್ಯುತ್ತಮ ದಾಳಿ ಆಟಗಾರ. ಆಗಸ್ಟಿನ ಅಭ್ಯಾಸದಲ್ಲಿ ಅವನ ಭುಜಕ್ಕೆ ಏಟಾಗಿ ಇಡೀ ವರ್ಷ ಹೊರಗೆ. ಅವನ ಜಾಗಕ್ಕೆ ಜೆ.ಟಿ. ಬ್ಯಾರೆಟ್ ಬಂದ, ಅದುವರೆಗೆ ಒಂದು ಕಾಲೇಜು ಪಂದ್ಯವನ್ನೂ ಆಡದವನು. ಸೆಪ್ಟೆಂಬರ್ 6ರ ರಾತ್ರಿ, ತುಂಬಿದ ಸ್ಟೇಡಿಯಂ, ಎದುರಿಗೆ ವರ್ಜೀನಿಯಾ ಟೆಕ್. ಬ್ಯಾರೆಟ್‌ನನ್ನ ಏಳು ಸಲ ಚೆಂಡಿನ ಸಮೇತ ನೆಲಕ್ಕೆ ಹಾಕಿದರು. ಅವನು ಎಸೆದ ಮೂರು ಚೆಂಡು ಎದುರಾಳಿಗಳ ಕೈಗೆ ಹೋದವು. 35-21 ಸೋಲು. ಸೋಮವಾರ ಕ್ಲೈಂಟ್ ಆಫೀಸಿನಲ್ಲಿ ಸಾವಿನ ಮನೆ ಮೌನ. ನಮ್ಮ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಬಿಳಿಗಡ್ಡದ ಅಮೆರಿಕನ್ ಮಾತ್ರ, ಎಲ್ಲರೂ ಆ ಹುಡುಗನನ್ನ ಬೈತಿದ್ದಾರೆ, ನೀನು ಅವನ ಮುಂದೆ ನಿಂತವರನ್ನ ನೋಡು ಅಂದ.

ನೋಡಿದೆ. ಕ್ವಾರ್ಟರ್‌ಬ್ಯಾಕ್ ಮುಂದೆ ಐದು ಜನ ಗೋಡೆ ಹಾಗೆ ನಿಲ್ತಾರೆ. ಅವರನ್ನ ಆಫೆನ್ಸಿವ್ ಲೈನ್ ಅಂತಾರೆ. ಒಬ್ಬೊಬ್ಬರೂ ನೂರಮೂವತ್ತು ಕಿಲೋ ಆಸುಪಾಸು. ಅವರು ಚೆಂಡು ಮುಟ್ಟೋದು ಅಪರೂಪ, ಟೀವಿಯವರು ಅವರ ಹೆಸರು ಹೇಳೋದು ತಪ್ಪು ಮಾಡಿದಾಗ. ಹಿಂದಿನ ವರ್ಷದ ಐವರಲ್ಲಿ ನಾಲ್ವರು ಹೋಗಿದ್ದರು. ಉಳಿದಿದ್ದವನು ಟೇಲರ್ ಡೆಕ್ಕರ್ ಒಬ್ಬನೇ. ಗೋಡೆಯೇ ಹೊಸದು, ಇನ್ನೂ ಹಸಿ. ಮುಂದಿನ ವಾರಗಳಲ್ಲಿ ಆ ಗೋಡೆ ಗಟ್ಟಿಯಾಗುತ್ತಾ ಹೋಯಿತು, ಬ್ಯಾರೆಟ್ ಹೀರೋ ಆಗುತ್ತಾ ಹೋದ. ಕೆಂಟ್ ಸ್ಟೇಟ್ ಮೇಲೆ 66-0. ಪೆನ್ ಸ್ಟೇಟ್ ಮೇಲೆ ಎರಡು ಓವರ್‌ಟೈಮ್ ಆಡಿ 31-24. ಮಿಶಿಗನ್ ಸ್ಟೇಟ್ ಊರಿಗೇ ಹೋಗಿ 49-37. ಮಿನಸೋಟದ ಹಿಮದಲ್ಲಿ 31-24.

ಆ ಹಿಮದ ಪಂದ್ಯ ನೋಡುತ್ತಾ ಅಣ್ಣ ನನಗೆ ಸುದ್ದಿ ಹೇಳಿದ್ದು. "ಡಿಸೆಂಬರ್ ಐದಕ್ಕ ನನ್ನ ರಿಲೀಸ್ ಮಾಡ್ಯಾರ. ನನ್ನ ಮಾಡ್ಯೂಲ್ ನಿನಗ." ಕ್ಲೈಂಟು ಖರ್ಚು ಕಮ್ಮಿ ಮಾಡು ಅಂದಿದ್ದ. ಅಣ್ಣನ ಗಂಟೆಯ ರೇಟು ಜಾಸ್ತಿ, ನನ್ನದು ಕಡಿಮೆ. ಮ್ಯಾನೇಜರು ಇದಕ್ಕೆ ಒಂದು ಎಕ್ಸೆಲ್ ಶೀಟ್ ಮಾಡಿದ್ದರು. ಜ್ಞಾನ ವರ್ಗಾವಣೆಗೆ, ಅಂದರೆ ನಮ್ಮ ಭಾಷೆಯಲ್ಲಿ ಕೆಟಿಗೆ, ಒಂಬತ್ತು ಕೆಲಸದ ದಿನ. ನಾಲ್ಕು ವರ್ಷದ್ದನ್ನ ಒಂಬತ್ತು ದಿನದಲ್ಲಿ. ಒಳಗಿನಿಂದ ವೈನಿ ಮಂಡಕ್ಕಿ ತಟ್ಟೆ ತಂದಿಟ್ಟು ಏನೂ ಮಾತಾಡದೆ ಹೋದರು. ಮಗಳ ಶಾಲೆಯ ವರ್ಷ ಇನ್ನೂ ಅರ್ಧವೂ ಆಗಿರಲಿಲ್ಲ.

ಅಣ್ಣ ಏನನ್ನೂ ಮುಚ್ಚಿಡಲಿಲ್ಲ. ಯಾವ ಸ್ಟೋರ್ಡ್ ಪ್ರೊಸೀಜರ್ ತಿಂಗಳ ಕೊನೆಗೆ ಸಾಯುತ್ತೆ, ಯಾವ ಟೇಬಲ್ ಮುಟ್ಟಬಾರದು, ಕ್ಲೈಂಟಿನ ಯಾವ ಹೆಂಗಸಿಗೆ ಮೊದಲು ಫೋನ್ ಮಾಡಬೇಕು, ಎಲ್ಲಾ. ರಾತ್ರಿ ಎಂಟರವರೆಗೂ ಕೂತು ಹೇಳಿಕೊಟ್ಟರು. ಕ್ವಾರ್ಟರ್‌ಬ್ಯಾಕುಗಳಲ್ಲೂ ಇದೇ ಇತ್ತು ಅಂತ ಆಗ ಹೊಳೆಯಿತು. ಗಾಯಾಳು ಮಿಲ್ಲರ್ ಮೈದಾನದ ಅಂಚಿನಲ್ಲಿ ನಿಂತು, ತನ್ನ ಜಾಗದಲ್ಲಿ ಆಡುತ್ತಿದ್ದ ಹುಡುಗನ ಬೆನ್ನು ತಟ್ಟುತ್ತಿದ್ದ.

ನವೆಂಬರ್ ಕೊನೆಯ ಶನಿವಾರ ಮಿಶಿಗನ್ ಪಂದ್ಯ. ಇದರ ದ್ವೇಷದ ಮಟ್ಟ ಹೇಳ್ತೀನಿ ಕೇಳಿ: ಆ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಲ್ಲೆಲ್ಲಿ 'ಎಂ' ಅಕ್ಷರ ಇದೆಯೋ ಅದರ ಮೇಲೆಲ್ಲಾ ಕೆಂಪು ಟೇಪಿನ ಕಾಟು. ಮಿಶಿಗನ್ ಅಂತ ಬಾಯಿಬಿಟ್ಟು ಹೇಳೋದಿಲ್ಲ, 'ಉತ್ತರದ ಆ ತಂಡ' ಅಂತಾರೆ. ಕೊನೆಯ ಕ್ವಾರ್ಟರ್ ಶುರುವಾದಾಗ 28-21. ಬ್ಯಾರೆಟ್ ಚೆಂಡು ಹಿಡಿದು ಓಡಿದ, ಕಾಲು ಅವನ ಕೆಳಗೇ ಮಡಚಿಕೊಂಡಿತು. ಪಾದದ ಗಂಟು ಮುರಿದಿತ್ತು. ಆ ವರ್ಷ 45 ಟಚ್‌ಡೌನ್‌ಗಳಿಗೆ ಕಾರಣನಾಗಿ ಲೀಗಿನ ದಾಖಲೆ ಮಾಡಿದ್ದವನು ಹುಲ್ಲಿನ ಮೇಲೆ ಮಲಗಿದ್ದ. ಆಗ ಮಿಶಿಗನ್ನಿನ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್ನರ್ ಬಂದು ಅವನ ಪಕ್ಕ ಬಗ್ಗಿ ಸಮಾಧಾನ ಹೇಳಿದ. 'ಎಂ' ಅಕ್ಷರಕ್ಕೂ ಕಾಟು ಹಾಕೋ ಊರಿನಲ್ಲಿ. ಅಣ್ಣ ಟೀವಿಯ ಸದ್ದು ಕಮ್ಮಿ ಮಾಡಿದರು, ಯಾಕೋ ಗೊತ್ತಿಲ್ಲ.

ಮೈದಾನಕ್ಕೆ ಬಂದವನು 12ನೇ ನಂಬರಿನ ಕಾರ್ಡೇಲ್ ಜೋನ್ಸ್. ಆರು ಅಡಿ ಐದು ಇಂಚು, ಕ್ಲೀವ್‌ಲ್ಯಾಂಡಿನ ಬಡ ಬಡಾವಣೆಯ ಹುಡುಗ. ಆಗಸ್ಟಿನಲ್ಲಿ ಬ್ಯಾರೆಟ್ ಜೊತೆಗಿನ ಪೈಪೋಟಿಯಲ್ಲಿ ಸೋತು ಹಿಂದೆ ಬಿದ್ದಿದ್ದವನು. ಅದುವರೆಗೆ ಅವನು ದೇಶಕ್ಕೆಲ್ಲ ಗೊತ್ತಿದ್ದದ್ದು 2012ರ ಒಂದು ಟ್ವೀಟಿನಿಂದ: ನಾವು ಬಂದಿರೋದು ಫುಟ್‌ಬಾಲ್ ಆಡೋಕೆ, ಸ್ಕೂಲು ಆಡೋಕಲ್ಲ, ಕ್ಲಾಸೆಲ್ಲ ದಂಡ ಅನ್ನೋ ಅರ್ಥದ್ದು. ದೇಶವೆಲ್ಲ ಸೇರಿ ನಕ್ಕಿತ್ತು. ನನಗೇನೋ ಅದರಲ್ಲಿ ದಡ್ಡತನ ಕಾಣಲಿಲ್ಲ. ನಮ್ಮ ಹಾಸ್ಟೆಲ್ ವಾರ್ಡನ್ "ಓದಕ್ಕೆ ಬಂದಿದೀಯೋ ಆಡಕ್ಕೋ?" ಅಂತ ಗದರುತ್ತಿದ್ದ ಪ್ರಶ್ನೆಗೆ ಈ ಹುಡುಗ ಸುಳ್ಳು ಹೇಳದೇ ಉತ್ತರ ಕೊಟ್ಟಿದ್ದ, ಅಷ್ಟೇ. ಅವನನ್ನ ಕರೆದುಕೊಂಡು ಬಂದವರು ಅವನ ಸಮಾಜಶಾಸ್ತ್ರದ ಅಂಕ ನೋಡಿ ಕರೆತಂದಿರಲಿಲ್ಲ.

ಮಿಶಿಗನ್ ಪಂದ್ಯ ಉಳಿಸಿದ್ದು ಅವನ ಎಸೆತವಲ್ಲ. ನಾಲ್ಕನೇ ಪ್ರಯತ್ನ, ಒಂದು ಗಜ ಬಾಕಿ. ಗೋಡೆಯವರು ದಾರಿ ಬಿಡಿಸಿದರು, ಎಜೆಕಿಯಲ್ ಎಲಿಯಟ್ 44 ಗಜ ಓಡಿ ಗೆರೆ ದಾಟಿದ. 42-28.

ಮರುದಿನ ಬೇರೆ ಸುದ್ದಿ ಬಂತು. ತಂಡದಲ್ಲಿ ಒಬ್ಬ 'ವಾಕ್ ಆನ್' ಆಟಗಾರನಿದ್ದ. ಸ್ಕಾಲರ್‌ಶಿಪ್ ಇಲ್ಲದೆ, ಬರೀ ಆಸೆಯ ಮೇಲೆ ತಂಡ ಸೇರಿದವರನ್ನ ಹಾಗನ್ನುತ್ತಾರೆ. ಪಂದ್ಯದ ಹಿಂದಿನ ಬುಧವಾರದಿಂದ ಅವನು ಕಾಣೆಯಾಗಿದ್ದ, ಭಾನುವಾರ ಶವ ಸಿಕ್ಕಿತು. ಮಗನಿಗೆ ಹಿಂದೆ ತಲೆಗೆ ಪೆಟ್ಟುಗಳು ಬಿದ್ದಿದ್ದವು ಅಂತ ತಾಯಿ ಪೊಲೀಸರಿಗೆ ಹೇಳಿದ್ದರು. ಮುಂದಿನ ಶನಿವಾರ ಮೈಕೆಲ್ ಬೆನೆಟ್ ತನ್ನ ನಂಬರ್ ಬಿಟ್ಟು ಆ ಹುಡುಗನ 53ನೇ ನಂಬರ್ ಹಾಕಿಕೊಂಡು ಆಡಿದ. ಆಫೀಸಿನ ಸ್ಲೈಡುಗಳಲ್ಲಿ ಈ ಭಾಗವನ್ನ ನಾನು ಎಂದೂ ನೋಡಿಲ್ಲ.

ಡಿಸೆಂಬರ್ 5ಕ್ಕೆ ಅಣ್ಣನ ಸಂಸಾರವನ್ನ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಎಂಟು ಸೂಟ್‌ಕೇಸು. ಮಗಳ ಕೈಯಲ್ಲಿ ಕೆಂಪು ಬಣ್ಣದ ಒಂದು ಸಣ್ಣ ಫುಟ್‌ಬಾಲು. ಮರುದಿನ ಇಂಡಿಯಾನಾಪೊಲಿಸ್‌ನಲ್ಲಿ ಲೀಗಿನ ಫೈನಲ್, ಎದುರಿಗೆ ವಿಸ್ಕಾನ್ಸಿನ್. ಅವರ ಮೆಲ್ವಿನ್ ಗಾರ್ಡನ್ ಆ ವರ್ಷ ಎರಡು ಸಾವಿರಕ್ಕೂ ಹೆಚ್ಚು ಗಜ ಓಡಿದ್ದವನು. ಜೋನ್ಸ್‌ಗೆ ಇದು ಶುರುವಿನಿಂದ ಆಡಿದ ಮೊದಲನೇ ಪಂದ್ಯ. ಅಣ್ಣ ಬೆಂಗಳೂರಿನಲ್ಲಿ ಇಳಿದ ಕೂಡಲೇ ಫೋನ್ ಮಾಡಿದರು.

"ಏನಾತೋ ತಮ್ಮಾ?"

"59-0 ಅಣ್ಣ."

"ಯಾರಿಗೆ ಸೊನ್ನಿ?"

"ವಿಸ್ಕಾನ್ಸಿನ್‌ಗೆ."

"ಏ, ಸುಳ್ಳ ಹೇಳಬ್ಯಾಡ."

ಸುಳ್ಳಲ್ಲ. 17 ಎಸೆತದಲ್ಲಿ 12 ಗುರಿ ಮುಟ್ಟಿದವು, 257 ಗಜ, ಮೂರು ಟಚ್‌ಡೌನ್. ಗಾರ್ಡನ್‌ಗೆ ಸಿಕ್ಕಿದ್ದು 76 ಗಜ. ಮರುದಿನ ಆಯ್ಕೆ ಸಮಿತಿ ನಾಲ್ಕು ತಂಡಗಳ ಹೆಸರು ಪ್ರಕಟಿಸಿತು. ಕಾಲೇಜು ಫುಟ್‌ಬಾಲ್‌ನಲ್ಲಿ ನಾಲ್ಕು ತಂಡಗಳ ಪ್ಲೇಆಫ್ ನಡೆದದ್ದು ಅದೇ ಮೊದಲ ವರ್ಷ. ಮೂರನೇ ಸ್ಥಾನದಲ್ಲಿದ್ದ ಟಿಸಿಯು ತನ್ನ ಕೊನೇ ಪಂದ್ಯವನ್ನ 55-3ರಿಂದ ಗೆದ್ದೂ ಆರಕ್ಕೆ ಜಾರಿತು. ಓಹಾಯೋ ಸ್ಟೇಟ್ ನಾಲ್ಕನೆಯದಾಗಿ ಒಳಗೆ ಬಂತು. ಟೆಕ್ಸಸ್‌ನವರು ಇವತ್ತಿಗೂ ಬೈತಾರೆ, ಬೈಯೋದು ತಪ್ಪೂ ಅಲ್ಲ. ಸಮಿತಿಯವರು ಬಾಗಿಲು ಮುಚ್ಚಿಕೊಂಡು ಕೂತು ಸ್ಥಾನ ಕೊಡೋದು ನಮ್ಮ ಅಪ್ರೈಸಲ್ ಥರವೇ. ಕೊಟ್ಟ ಮೇಲೆ ಕಾರಣ ಹುಡುಕ್ತಾರೆ.

ಜನವರಿ 1, 2015. ನ್ಯೂ ಆರ್ಲಿಯನ್ಸ್, ಷುಗರ್ ಬೌಲ್, ಎದುರಿಗೆ ಒಂದನೇ ನಂಬರಿನ ಅಲಬಾಮಾ. ನಾನು ಆ ಬಿಳಿಗಡ್ಡದವನ ಮನೆಯಲ್ಲಿದ್ದೆ. 21-6 ಹಿಂದೆ ಬಿದ್ದಾಗ ಅವನ ಹೆಂಡತಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯೋಕೆ ಶುರು ಮಾಡಿದಳು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ, ಚೆಂಡು ಹಿಡಿಯುವುದೇ ಕೆಲಸವಾಗಿದ್ದ ಇವಾನ್ ಸ್ಪೆನ್ಸರ್ ತಾನೇ ಚೆಂಡು ಎಸೆದ, ಮೈಕೆಲ್ ಥಾಮಸ್ ಮೂಲೆಯಲ್ಲಿ ಮೈ ತಿರುಗಿಸಿ ಹಿಡಿದ. 21-20. ಪಾತ್ರೆ ಸದ್ದು ನಿಂತಿತು. ಕೊನೆಗೆ ಮೂರೂವರೆ ನಿಮಿಷಕ್ಕಿಂತ ಕಮ್ಮಿ ಉಳಿದಿದ್ದಾಗ ಎಲಿಯಟ್ 85 ಗಜ ಓಡಿದ. ಆ ಓಟವನ್ನ ಸ್ಲೋ ಮೋಷನ್‌ನಲ್ಲಿ ನೋಡಿ. ಎಲಿಯಟ್‌ನನ್ನ ಬಿಡಿ, ಎಡಗಡೆ ಗೋಡೆಯವರನ್ನ ನೋಡಿ. ಆ ಸ್ಪೆನ್ಸರ್‌ನೇ ಅಲ್ಲಿ ಅಲಬಾಮಾದ ಇಬ್ಬರನ್ನ ಒಂದೇ ಏಟಿಗೆ ಅಡ್ಡಗಟ್ಟಿದ್ದಾನೆ. ಬಾಗಿಲು ತೆರೆದ ಹಾಗೆ ದಾರಿ. ಸೆಪ್ಟೆಂಬರಿನಲ್ಲಿ ಏಳು ಸಲ ಕುಸಿದಿದ್ದ ಗೋಡೆ ಇದೇನಾ ಅನ್ನಿಸಿತು. 42-35.

ಫೈನಲ್ಲಿನ ಬಗ್ಗೆ ಹೆಚ್ಚು ಹೇಳೋಕಿಲ್ಲ. ಜನವರಿ 12, ಟೆಕ್ಸಸ್‌ನ ಆರ್ಲಿಂಗ್ಟನ್, ಆರೆಗನ್ ಮೇಲೆ 42-20. ನಾಲ್ಕು ಸಲ ಚೆಂಡು ಕಳಕೊಂಡೂ ಗೆದ್ದರು. ಎಲಿಯಟ್ 246 ಗಜ, ನಾಲ್ಕು ಟಚ್‌ಡೌನ್. ಮೂರನೆಯವನು ಶುರುವಿನಿಂದ ಆಡಿದ್ದು ಮೂರೇ ಪಂದ್ಯ: ಲೀಗಿನ ಫೈನಲ್, ಸೆಮಿಫೈನಲ್, ರಾಷ್ಟ್ರೀಯ ಫೈನಲ್. ಆ ರಾತ್ರಿ ಹೈ ಸ್ಟ್ರೀಟಿನಲ್ಲಿ ಜನವೋ ಜನ, ಅಲ್ಲಲ್ಲಿ ಬೆಂಕಿ, ಪೊಲೀಸರ ಅಶ್ರುವಾಯು. ನಾನು ಮನೆಯಲ್ಲೇ ಇದ್ದೆ, ವೀಸಾದವನಿಗೆ ಗಲಾಟೆ ಬೇಕಾ.

ಆ ವಾರವೇ ನಮ್ಮ ಮ್ಯಾನೇಜರು ಟೌನ್‌ಹಾಲ್‌ನಲ್ಲಿ ಒಂದು ಸ್ಲೈಡ್ ಹಾಕಿದರು. ಜೋನ್ಸ್‌ನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ 'ನೆಕ್ಸ್ಟ್ ಮ್ಯಾನ್ ಅಪ್'. ಒಬ್ಬ ಹೋದರೆ ಇನ್ನೊಬ್ಬ, ಅವನೂ ಹೋದರೆ ಮತ್ತೊಬ್ಬ. ಒಳ್ಳೆಯ ಟೀಮಿನಲ್ಲಿ ಯಾರೂ ಅನಿವಾರ್ಯ ಅಲ್ಲ ಅಂತ ವಿವರಿಸಿದರು. ಆಮೇಲೆ ನನ್ನ ಹೆಸರು ಹೇಳಿ, ಒಂಬತ್ತೇ ದಿನದಲ್ಲಿ ಮಾಡ್ಯೂಲ್ ಹಿಡಿದ ಅಂತ ಚಪ್ಪಾಳೆ ತಟ್ಟಿಸಿದರು.

ಚಪ್ಪಾಳೆ ನಡುವೆ ನಾನು ಲೆಕ್ಕ ಹಾಕ್ತಿದ್ದೆ. ಜೋನ್ಸ್ ತಂಡಕ್ಕೆ ಬಂದು ಮೂರನೇ ಸೀಸನ್. ಮೂರೂ ವರ್ಷ ಅದೇ ಕೋಚ್ ಅರ್ಬನ್ ಮೆಯರ್, ಅದೇ ಪ್ಲೇಬುಕ್ಕು, ದಿನಾ ಅಭ್ಯಾಸ. ಒಂದು ತಂಡಕ್ಕೆ ಆಗ 85 ಸ್ಕಾಲರ್‌ಶಿಪ್ ಕೊಡಬಹುದಿತ್ತು. ಒಂದು ಹೊತ್ತಿಗೆ ಮೈದಾನದಲ್ಲಿ ಇರೋದು 11 ಜನ. ಅಂದರೆ ಕೂತವರ ಊಟ, ರೂಮು, ಫೀಸು ಎಲ್ಲಾ ವರ್ಷಾನುಗಟ್ಟಲೆ ಕೊಟ್ಟು ಇಟ್ಟುಕೊಂಡಿದ್ದರು. ಅದಕ್ಕೇ ಮೂರನೆಯವನು ಎದ್ದು ಬಂದಾಗ ಆಟ ಗೊತ್ತಿತ್ತು. ನಮ್ಮ ಕಂಪನಿಯಲ್ಲಿ ಬೆಂಚಿನ ಮೇಲೆ ಎರಡು ತಿಂಗಳು ದಾಟಿದರೆ ಎಚ್‌ಆರ್ ಫೋನು ಬರ್ತಿತ್ತು. ಬೆಂಗಳೂರಿಗೆ ವಾಪಸ್ ಹೋಗಿದ್ದ ಅಣ್ಣ ಆಗ ಅದೇ ಬೆಂಚಿನ ಮೇಲೆ ಆರನೇ ವಾರದಲ್ಲಿದ್ದರು. ನನ್ನನ್ನ ಎದ್ದು ನಿಲ್ಲಿಸಿದ್ದು ಸ್ಲೈಡಿನಲ್ಲಿದ್ದ ಯಾವ ಮಂತ್ರವೂ ಅಲ್ಲ. ಕೆಲಸ ಹೋಗುತ್ತಿದ್ದ ಮನುಷ್ಯ ರಾತ್ರಿ ಎಂಟರವರೆಗೆ ಕೂತು ಕಲಿಸಿದ್ದು. ಮಾರ್ಚಿನಲ್ಲಿ ತಿಂಗಳ ಕೊನೆಯ ಪ್ರೊಸೀಜರ್ ಸತ್ತಾಗ ನಾನು ರಾತ್ರಿ ಫೋನ್ ಮಾಡಿದ್ದೂ ಅವರಿಗೇ. ಅವರಾಗಲೇ ಬೇರೆ ಕಂಪನಿ ಸೇರಿದ್ದರು. ಆದರೂ ಎತ್ತಿದರು.

ಹಾಗಂತ ವಿಶ್ವವಿದ್ಯಾಲಯವನ್ನ ದೇವರು ಮಾಡೋಕೂ ನಾನು ತಯಾರಿಲ್ಲ. ಕೋಚ್‌ಗೆ ವರ್ಷಕ್ಕೆ 40 ಲಕ್ಷ ಡಾಲರಿಗೂ ಮೇಲೆ ಸಂಬಳ. ಆಟಗಾರರಿಗೆ ಸಂಬಳವೇ ಇಲ್ಲ, ಅಮೆಚೂರ್‌ಗಳು ಅನ್ನೋ ನೆಪ. ಅಂಗಡಿಗಳಲ್ಲಿ ಜೆರ್ಸಿ ಮಾರ್ತಿದ್ದರು, ಹೆಸರು ಹಾಕದೆ ಬರೀ ನಂಬರ್ ಹಾಕಿ. ಫೈನಲ್ ನೋಡೋಕೆ ಬರೋ ಅಪ್ಪ ಅಮ್ಮಂದಿರ ಪ್ರಯಾಣದ ಖರ್ಚು ಕೊಡಬಹುದು ಅಂತ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಒಪ್ಪಿದ್ದು ಪಂದ್ಯಕ್ಕೆ ಒಂದು ವಾರವೂ ಇಲ್ಲದಾಗ. ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅಂತಾಗಿದ್ದು 2021ರ ಜುಲೈಯಲ್ಲಿ. ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡೋಕೆ ಶುರು ಮಾಡಿದ್ದು 2025ರಲ್ಲಿ. ನಡುವೆ 2022ರಲ್ಲಿ, ಓಹಾಯೋ ಸ್ಟೇಟ್ ಆಟಗಾರರಿಗೆ ಹಣ ಸಿಗೋ ಹಾಗೆ ಮಾಡೋಕೆ ಒಂದು ಸಂಸ್ಥೆ ಶುರುವಾಯಿತು. ಕಟ್ಟಿದವರಲ್ಲಿ ಒಬ್ಬ ಕಾರ್ಡೇಲ್ ಜೋನ್ಸ್.

ಗೆದ್ದ ವಾರವೇ ಅವನು ಎನ್‌ಎಫ್‌ಎಲ್‌ಗೆ ಜಿಗಿಯಬಹುದಿತ್ತು. ಕ್ಲೀವ್‌ಲ್ಯಾಂಡಿನ ತನ್ನ ಹೈಸ್ಕೂಲಿನಲ್ಲಿ ಪತ್ರಕರ್ತರನ್ನ ಕರೆಸಿ, ಕಾಲೇಜಿಗೇ ವಾಪಸ್ ಹೋಗ್ತೀನಿ ಅಂದ. ಮುಂದಿನ ಸೀಸನ್ ಮೊದಲನೆಯವನಾಗಿ ಶುರು ಮಾಡಿ ಮಧ್ಯದಲ್ಲೇ ಜಾಗವನ್ನ ಬ್ಯಾರೆಟ್‌ಗೆ ಬಿಟ್ಟುಕೊಡಬೇಕಾಯಿತು. 2016ರಲ್ಲಿ ಬಫಲೋ ತಂಡ ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅಲ್ಲೂ ಬೆಂಚು.

2017ರ ಮೇ ತಿಂಗಳಲ್ಲಿ, ನಾನು ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಯಾಬ್ ಒಳಗೆ ಕೂತಿದ್ದಾಗ ಒಂದು ಫೋಟೋ ಕಣ್ಣಿಗೆ ಬಿತ್ತು. ಜೋನ್ಸ್ ಡಿಗ್ರಿ ಮುಗಿಸಿದ್ದ. ಕಪ್ಪು ಗೌನು, ತಲೆ ಮೇಲೆ ಪದವಿಯ ಟೋಪಿ. ಆ ಟೋಪಿಯ ಮೇಲೆ ಐದು ವರ್ಷದ ಹಿಂದಿನ ಅದೇ ಟ್ವೀಟಿನ ಮಾತನ್ನ, ಯಾರೋ ಒಮ್ಮೆ ಹೀಗಂದಿದ್ದ ಅನ್ನೋ ಹಾಗೆ, ತಾನೇ ಬರೆಸಿಕೊಂಡಿದ್ದ. ಫೋಟೋವನ್ನ ಅಣ್ಣನಿಗೆ ವಾಟ್ಸ್ಯಾಪ್ ಮಾಡಿದೆ. ಹುಬ್ಬಳ್ಳಿಯಿಂದ ಉತ್ತರ ಬಂತು:

"ಸಾಲಿ ಮುಗಿಸಿದ್ನಲ್ಲ, ಚಲೋ ಆತು. ನಮ್ಮ ಹುಡುಗಿಗೆ ತೋರಿಸಿದೆ. ಆ ಸಣ್ಣ ಚೆಂಡ ಇನ್ನೂ ಇಟ್ಟಾಳ, ಗಾಳಿ ಇಲ್ಲ ಅದರಾಗ. ಇಲ್ಲೆ ಎಲ್ಲೂ ಅದರ ಪಿನ್ ಸಿಗವಲ್ದು, ಯಾರರ ಆ ಕಡಿಂದ ಬರೋರಿದ್ರ ಹೇಳು."